ಇನ್ನೊಬ್ಬಳ ಹೆಸರಿಗೆ ನಾನು ಓಗೊಡಲಿಲ್ಲ

ಗಂಡನ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿದ್ದೆ. ಕಾಲಿಗೆ ಹಚ್ಚಿದ ಅರಿಶಿನ ಇನ್ನೂ ಹಸಿಯಾಗಿತ್ತು. ಅಷ್ಟರಲ್ಲಿ ನಮ್ಮತ್ತೆ ನೆಂಟರೆಲ್ಲರ ಎದುರಿಗೆ ನನ್ನ ಗಲ್ಲ ಹಿಡಿದು ಒಂದು ಹೆಸರು ಕರೆದರು. ಅದು ನನ್ನ ಹೆಸರಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ನೆಂಟರು ನಕ್ಕರು.

"ನಿನ್ನನ್ನೇ ಕಣವ್ವ ಕರೀತಿರೋದು," ಅಂದರು ಮೂಲೆಯಲ್ಲಿದ್ದ ಒಬ್ಬ ಮುದುಕಿ. "ಇನ್ಮೇಲೆ ನಿನ್ನ ಹೆಸರು ಅದೇಯ."

ಅದು ನನ್ನ ಗಂಡನ ಮೊದಲ ಹೆಂಡತಿಯ ಹೆಸರು. ಎರಡನೆಯ ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಹೋಗಿ ಆಗಿನ್ನೂ ಒಂದು ವರ್ಷವಾಗಿತ್ತು. ಮೊದಲ ಹೆರಿಗೆಯ ಮಗಳು, ಆರು ವರ್ಷದ್ದು, ಮಗ್ಗದ ಪಕ್ಕ ನಿಂತು ನನ್ನನ್ನೇ ನೋಡುತ್ತಿತ್ತು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳನ್ನು ಕೇಳದೆ ಅದನ್ನು ಬೇಕಾದಷ್ಟು ಬಳಸಿದ್ದಾರೆ, ನಾನೂ ಬಳಸಲಾರೆ. ಅವಳದ್ದು ಬರೆಯದೆ ನನ್ನದೊಂದನ್ನೇ ಬರೆದು ಮೆರೆಯುವುದೂ ನನಗೆ ಬೇಡ.

ಯುದ್ಧದ ಕಾಲ ಅದು. ದೊಡ್ಡಬಳ್ಳಾಪುರದ ನೇಯ್ಗೆಯವರ ಬೀದಿಯಲ್ಲಿ ನೂಲಿಗೆ ಕಂಟ್ರೋಲು, ಸೀಮೆಎಣ್ಣೆಗೆ ಕಾರ್ಡು. ನಮ್ಮ ಮನೆಯಲ್ಲಿ ಎರಡು ಕೈಮಗ್ಗ. ಒಂದರಲ್ಲಿ ನನ್ನ ಗಂಡ ಕೂರುತ್ತಿದ್ದರು, ಇನ್ನೊಂದು ರೇಷ್ಮೆ ಸಿಕ್ಕಾಗ ನಡೆಯುತ್ತಿತ್ತು, ಇಲ್ಲದಾಗ ನಿಲ್ಲುತ್ತಿತ್ತು. ನಾನು ಸಾಸಲಿನಿಂದ ಬಂದವಳು. ನಮ್ಮಪ್ಪನಿಗೂ ಒಂದು ಮಗ್ಗವಿತ್ತು, ಜೊತೆಗೆ ಎರಡು ಎಕರೆ ರಾಗಿ ಹೊಲ. ಕೆಲಸ ನನಗೆ ಹೊಸದಲ್ಲ. ರಾಟೆಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆ ಕೊಳವೆಗೆ ನೂಲು ಸುತ್ತುವುದು ಐದು ವರ್ಷದವಳಿದ್ದಾಗಿನಿಂದಲೂ ಗೊತ್ತು. ಗೊತ್ತಿಲ್ಲದ್ದು ಈ ಹೊಸ ಹೆಸರು ಮಾತ್ರ.

ಎರಡನೆಯ ಸಂಬಂಧಕ್ಕೆ ಬಂದವಳು ಸತ್ತವಳ ಗುರುತಿಗೆ ಒಂದು ಚಿನ್ನದ ಬಿಲ್ಲೆಯನ್ನು ತಾಳಿಯ ಪಕ್ಕ ಪೋಣಿಸಿಕೊಳ್ಳುವುದು ನಮ್ಮ ಕಡೆ ಇತ್ತು. ನನಗೂ ಪೋಣಿಸಿದರು. ನಾನು ಒಂದು ಮಾತೂ ಆಡಲಿಲ್ಲ. ಸತ್ತವಳಿಗೂ ಒಂದು ಮರ್ಯಾದೆ ಇರಲಿ ಅನ್ನಿಸಿತ್ತು. ಆದರೆ ಹೆಸರು ಬಿಲ್ಲೆಯಲ್ಲ. ನೀರು ಸೇದುವಾಗ, ಒಲೆ ಊದುವಾಗ, ತಲೆ ಬಾಚುವಾಗ, ದಿನಕ್ಕೆ ಐವತ್ತು ಸಲ ಅದು ನನ್ನ ಬೆನ್ನಿಗೆ ಬಂದು ಬಡಿಯುತ್ತಿತ್ತು.

ನನ್ನ ನಿಜವಾದ ಹೆಸರು ನಮ್ಮೂರ ಕೆರೆ ಏರಿಯ ಮೇಲಿನ ದೇವತೆಯದು. ಅದೇ ನಮ್ಮಪ್ಪನ ತಾಯಿಯದೂ ಆಗಿತ್ತು. ತೊಟ್ಟಿಲ ದಿನ ಸೋದರತ್ತೆ ನನ್ನ ಕಿವಿಯಲ್ಲಿ ಮೂರು ಸಲ ಹೇಳಿದಾಗ ಅಜ್ಜಿ ಕೂತಲ್ಲೇ ಕಣ್ಣೀರು ಹಾಕಿದರಂತೆ. ಆದರೆ ನಮ್ಮವ್ವ ಆ ಹೆಸರು ಹಿಡಿದು ನನ್ನನ್ನು ಕರೆಯುವ ಹಾಗಿರಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಹೇಳುವುದುಂಟೇ? ಅವ್ವ ನನ್ನನ್ನು "ಅಮ್ಮಣ್ಣಿ" ಅನ್ನುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೂ ಹಾಗೇ ನಡೆಯಿತು. ಹೆಸರು ಅಂದರೆ ನಮ್ಮ ಮನೆಯಲ್ಲಿ ಅಷ್ಟು ದೊಡ್ಡದು. ಅದನ್ನೇ ಇಲ್ಲಿ ಹಳೆ ಸೀರೆಯ ಹಾಗೆ ಕಿತ್ತು ಆಚೆಗೆ ಎಸೆದಿದ್ದರು.

ಸತ್ತವಳು ನಮ್ಮತ್ತೆಯ ಸ್ವಂತ ಅಣ್ಣನ ಮಗಳು. ತಬ್ಬಲಿಯಾಗಿದ್ದ ಅವಳನ್ನು ಇವರೇ ಎತ್ತಿ ಆಡಿಸಿ, ಸಾಕಿ, ಮಗನಿಗೆ ತಂದುಕೊಂಡವರು. ಅವರ ಸಂಕಟ ನನಗೆ ಅರ್ಥವಾಗುತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಅತ್ತೆ, ನನ್ನ ಹೆಸರಿಂದಲೇ ಕರೀರಿ. ಅದೇನು ಕೆಟ್ಟ ಹೆಸರಲ್ಲ, ದೇವರ ಹೆಸರು."

ಅವರು ಮೊರದಲ್ಲಿದ್ದ ಅವರೆಕಾಳಿನಿಂದ ತಲೆ ಎತ್ತಲಿಲ್ಲ. "ಅವಳು ಆಸೆ ಇಟ್ಕೊಂಡು ಹೋದಳು. ಈ ಮನೇಲಿ ಅವಳ ಹೆಸರು ಕೂಗೋದು ನಿಂತುಹೋದ್ರೆ ಅವಳು ಎಲ್ಲಿಗೆ ಹೋಗ್ತಾಳೆ?"

"ನಾನೆಲ್ಲಿಗೆ ಹೋಗ್ಲಿ?" ಅಂದೆ.

"ನಿನಗೇನಾಗೈತೆ? ಉಣ್ಣೋಕೈತೆ, ಉಡೋಕೈತೆ," ಅಂದರು.

ಕರೆಯುವಾಗ ಅವರ ದನಿಯಲ್ಲಿ ಒಂದು ಅಕ್ಕರೆ ಇರುತ್ತಿತ್ತು. ಕೊನೆಯ ಅಕ್ಷರವನ್ನು ಎಳೆದು ಎಳೆದು ಕರೆಯುವರು. ನಾನು ಬಂದು ಎದುರಿಗೆ ನಿಂತ ಕೂಡಲೇ ಆ ಅಕ್ಕರೆ ಮುಖದಿಂದ ಇಳಿದುಹೋಗುತ್ತಿತ್ತು. ಕರೆದದ್ದು ಒಬ್ಬಳನ್ನು, ಬಂದವಳು ಇನ್ನೊಬ್ಬಳು ಅನ್ನುವ ಹಾಗೆ. ಬೈಗುಳವನ್ನಾದರೂ ಸಹಿಸಬಹುದು. ಪ್ರತಿ ಸಲವೂ ಬಂದು ನಿಂತು, ಬೇಡದವಳಾಗುವುದನ್ನು ಹೇಗೆ ಸಹಿಸುವುದು?

ಆದರೂ ನಾನು ಮೂರು ತಿಂಗಳು ಓಗೊಟ್ಟೆ. ಅದನ್ನು ನಿಲ್ಲಿಸಿದ್ದು ನನಗಾಗಿ ಅಲ್ಲ. ಒಂದು ಬೆಳಿಗ್ಗೆ ರಾಟೆಯ ಮುಂದೆ ಕೂತಿದ್ದೆ, ಮಗು ನನ್ನ ಎದುರಿಗೆ ನೂಲಿನ ತುಂಡುಗಳನ್ನು ಆಯುತ್ತಿತ್ತು. ಅಡುಗೆಮನೆಯಿಂದ ಅತ್ತೆ ಆ ಹೆಸರು ಕರೆದರು. ಮಗು ತಟ್ಟನೆ ತಲೆ ಎತ್ತಿ ಬೀದಿ ಬಾಗಿಲ ಕಡೆ ನೋಡಿತು. ಅಲ್ಲಿ ಯಾರೂ ಬರಲಿಲ್ಲ. ನಾನು "ಬಂದೆ" ಅಂತ ಎದ್ದೆ. ಮಗು ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿತು. ಮಾರನೆಯ ದಿನ ಗಮನಿಸಿದೆ. ಪ್ರತಿ ಸಲವೂ ಹಾಗೇ. ಅಜ್ಜಿ ಕರೆದಾಗಲೆಲ್ಲ ಆ ಮಗು ಬಾಗಿಲ ಕಡೆ ನೋಡುತ್ತಿತ್ತು, ತನ್ನ ಅಮ್ಮ ಬಂದಾಳು ಅಂತ. ಮೂರು ತಿಂಗಳು ದಿನಕ್ಕೆ ಐವತ್ತು ಸಲ ನೋಡಿತ್ತು. ಆ ಮನೆಯಲ್ಲಿ ಯಾರೊಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನನ್ನ ಕಣ್ಣಿಗೂ.

ಆ ಹೊತ್ತಿನಿಂದ ನಾನು ಓಗೊಡುವುದನ್ನು ಬಿಟ್ಟೆ. ಅತ್ತೆ ಕರೆದರು, ನಾನು ರಾಟೆ ತಿರುಗಿಸುತ್ತಲೇ ಇದ್ದೆ. ಮತ್ತೆ ಕರೆದರು. ಬಂದು ಎದುರಿಗೆ ನಿಂತು "ಕಿವುಡೀನಾ?" ಅಂದರು. "ಇಲ್ಲ ಅತ್ತೆ, ಚೆನ್ನಾಗಿ ಕೇಳಿಸುತ್ತೆ. ನನ್ನನ್ನ ಕರೆದಿರಾ?" ಅಂದೆ. ಅವರು ಸೌಟು ಹಿಡಿದುಕೊಂಡೇ ಅಡುಗೆಮನೆಗೆ ವಾಪಸ್ಸು ಹೋದರು.

ಎರಡನೆಯ ವಾರ ನನ್ನ ಗಂಡ ಮಗ್ಗದಲ್ಲಿ ಕೂತೇ ಮಾತೆತ್ತಿದರು. ಅವರು ಕೆಟ್ಟವರಲ್ಲ. ಒಂದು ದಿನವೂ ನನ್ನ ಮೇಲೆ ಕೈ ಮಾಡಿದವರಲ್ಲ. ಎಲ್ಲವನ್ನೂ ಲಾಳಿಯ ಸದ್ದಿನಲ್ಲಿ ಮುಳುಗಿಸಿಬಿಡುವ ಮನುಷ್ಯ.

"ಅವ್ವನಿಗೋಸ್ಕರ ಒಂದ್ಸಲ ಓ ಅನ್ನು. ನಿಂಗೇನು ಗಂಟು ಹೋಗುತ್ತೆ?"

"ನೀವು ನನ್ನನ್ನ ಏನಂತ ಕರೀತೀರಾ?" ಅಂತ ಕೇಳಿದೆ.

ಲಾಳಿ ನಿಂತಿತು. ಅವರು ನನ್ನನ್ನು ಏನಂತಲೂ ಕರೆದಿರಲಿಲ್ಲ. "ಇಲ್ನೋಡು", "ಏಯ್", ಇಲ್ಲವೇ ಸುಮ್ಮನೆ ಒಂದು ಕೆಮ್ಮು.

"ಆ ಹೆಸರು ನನ್ನ ಬಾಯಲ್ಲಿ ಬರಲ್ಲ," ಅಂದರು ನೆಲ ನೋಡುತ್ತ. "ಅವಳೇ ಕಣ್ಮುಂದೆ ಬರ್ತಾಳೆ."

"ನಿಮ್ಮ ಬಾಯಲ್ಲಿ ಬರದೇ ಇರೋದನ್ನ ನನ್ನ ಮೈಮೇಲೆ ಹೊರಿಸ್ತೀರಾ? ಹಂಗಾದ್ರೆ ನನ್ನ ಹೆಸರೇ ಕರೀರಿ."

"ಅವ್ವ ನೊಂದ್ಕೋತಾಳೆ," ಅಂದರು. ಲಾಳಿ ಮತ್ತೆ ಓಡತೊಡಗಿತು. ಆ ಸದ್ದು ಕೇಳಿ ನನಗೆ ಮಗ್ಗದ ಹಾಸುನೂಲನ್ನೇ ಕತ್ತರಿಸಿ ಹಾಕಬೇಕು ಅನ್ನುವಷ್ಟು ಸಿಟ್ಟು ಬಂತು. ಕತ್ತರಿಸಲಿಲ್ಲ. ಅರ್ಧ ನೇಯ್ದ ಸೀರೆ ಏನು ತಪ್ಪು ಮಾಡಿತ್ತು?

ನಮ್ಮ ಹಿತ್ತಿಲ ಗೋಡೆಗೆ ಅಂಟಿಕೊಂಡಂತೆ ರೇಷ್ಮೆಗೆ ಬಣ್ಣ ಹಾಕುವವರ ಮನೆ. ಆ ಮನೆಯಾಕೆಯ ಕೈ ಮೊಣಕೈವರೆಗೂ ಯಾವಾಗಲೂ ಒಂದು ಬಣ್ಣ. ಬೀದಿಯವರೆಲ್ಲ ಆಕೆಯನ್ನು ಬೂಬಮ್ಮ ಅನ್ನುತ್ತಿದ್ದರು. ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ ಆಕೆಗೆ ನನ್ನ ಕಥೆಯೆಲ್ಲ ಹೇಳಿಕೊಂಡೆ.

"ತೌಬಾ!" ಅಂದಳು. "ನಮ್ಮಲ್ಲಿ ನಿಕಾಹ್ ಮಾಡುವಾಗ ಹುಡುಗಿ ಹೆಸರು, ಅವಳ ಅಪ್ಪನ ಹೆಸರು ಎರಡೂ ಹೇಳಿ ಒಪ್ಪಿಗೆ ಕೇಳ್ತಾರೆ ಕಣಮ್ಮ. ಹುಡುಗಿ ಬಾಯಿಂದಾನೇ ಹೂಂ ಅನ್ನಿಸ್ತಾರೆ. ಹೆಸರು ಹೆಂಗೆ ಬದಲಾಯಿಸೋಕಾಗುತ್ತೆ? ಒಪ್ಪಿಕೊಂಡೋಳು ಯಾರು ಅಂತಾಗಲ್ವಾ ಆಮೇಲೆ?"

ಆ ಮಾತು ನನ್ನೊಳಗೆ ನಾಟಿತು. ಒಪ್ಪಿಕೊಂಡವಳು ಯಾರು? ಧಾರೆಯಲ್ಲಿ ಕೂತವಳು ನಾನು, ಮನೆಗೆ ಬಂದವಳು ಇನ್ನೊಬ್ಬಳು. ನಾನು ಉತ್ಸಾಹದಿಂದ "ಸರಿಯಾಗಿ ಹೇಳ್ದೆ ಬೂಬಮ್ಮ" ಅಂದೆ. ಆಕೆ ಬಟ್ಟೆ ಹಿಂಡುತ್ತ ನಕ್ಕಳು.

"ಬೂಬಮ್ಮ ಅನ್ನೋದು ಹೆಸರಲ್ಲ ಕಣಮ್ಮ. ನಿಮ್ಮೋರು ನಮ್ಮೋರನ್ನೆಲ್ಲಾ ಹಂಗೇ ಕರೀತಾರೆ."

ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. ಹೆಸರು, ಹೆಸರು ಅಂತ ಬಾಯಿ ಬಡಿದುಕೊಳ್ಳುತ್ತಿದ್ದ ನಾನು ಇಷ್ಟು ದಿನದಲ್ಲಿ ಆಕೆಯ ಹೆಸರು ಕೇಳಿರಲಿಲ್ಲ. ಅಲ್ಲೇ ಕೇಳಿದೆ. ಹೇಳಿದಳು, ಅದರ ಅರ್ಥ ಬೆಳಕು ಅಂತಲೂ ಹೇಳಿದಳು. ಅಂದಿನಿಂದ ಅದರಿಂದಲೇ ಕರೆದೆ. ಆದರೂ ಆ ಬೇಸರ ನನ್ನನ್ನು ಬಹಳ ದಿನ ಬಿಡಲಿಲ್ಲ.

ಜಗಳ ಬೀದಿಗೆ ಬಂದದ್ದು ದೇವಸ್ಥಾನದಲ್ಲಿ. ಒಂದು ಶುಕ್ರವಾರ ಅತ್ತೆ ನನ್ನನ್ನು ಅರ್ಚನೆಗೆ ಕರೆದುಕೊಂಡು ಹೋದರು. ಸಾಲಿನಲ್ಲಿ ನಮ್ಮ ಬೀದಿಯ ಹೆಂಗಸರೇ ಹತ್ತಾರು ಜನ. ಪೂಜಾರಿ ತಟ್ಟೆ ತೆಗೆದುಕೊಂಡು "ಹೆಸರು, ನಕ್ಷತ್ರ?" ಅಂದರು. ಅತ್ತೆ ಸತ್ತವಳ ಹೆಸರು ಹೇಳಿದರು. ನಕ್ಷತ್ರವೂ ಅವಳದೇ. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ನಾನು ಹುಟ್ಟಿದ ಗಳಿಗೆಯನ್ನೂ ಬಿಡರೇ ಇವರು?

"ಸ್ವಾಮಿ, ನಿಲ್ಲಿ," ಅಂದೆ. "ಅದು ನನ್ನ ಹೆಸರಲ್ಲ, ನಕ್ಷತ್ರವೂ ನಂದಲ್ಲ. ಅವರು ತೀರಿಕೊಂಡಿದ್ದಾರೆ."

ಪೂಜಾರಿ ಕೈಯಲ್ಲಿದ್ದ ಹೂವನ್ನು ತಟ್ಟೆಗೆ ವಾಪಸ್ಸು ಹಾಕಿದರು. "ಏನ್ರಮ್ಮ ಇದು? ತೀರಿಕೊಂಡೋರ ಹೆಸರಲ್ಲಿ ಆಯಸ್ಸು ಆರೋಗ್ಯ ಬೇಡಿಸ್ತೀರಾ?"

ಹೆಂಗಸರೆಲ್ಲ ತಿರುಗಿ ನೋಡಿದರು. ಅತ್ತೆ ತಟ್ಟೆಯನ್ನೂ ತೆಗೆದುಕೊಳ್ಳದೆ ಹೊರಟರು. ಮನೆಯವರೆಗೂ ನನಗಿಂತ ಹತ್ತು ಮಾರು ಮುಂದೆ ನಡೆದರು. ಬೆನ್ನು ಬಾಗಿತ್ತು. ಆ ಬೆನ್ನನ್ನು ನೋಡಿ ಮರುಕ ಬಂತು, ಬಂದ ಮರುಕದ ಮೇಲೂ ಸಿಟ್ಟು ಬಂತು.

ಮಾರನೆಯ ದಿನ ನನ್ನ ಗಂಡ ನನ್ನನ್ನು ಸಾಸಲಿನ ಕಡೆಯ ಇದ್ದಿಲ ಬಸ್ಸಿಗೆ ಹತ್ತಿಸಿದರು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸಿನ ಹಿಂದೆ ಒಲೆಯಂಥ ಉರುಳೆ ಕಟ್ಟಿ, ಇದ್ದಿಲು ಉರಿಸಿ ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಇಳಿದು ನಡೆಯಬೇಕಾಗಿತ್ತು. ಮೈಯೆಲ್ಲ ಮಸಿ ಮಾಡಿಕೊಂಡು ತವರಿಗೆ ಬಂದೆ.

ಅಪ್ಪ ಎಲ್ಲ ಕೇಳಿ ಎದ್ದು ನಿಂತ. "ಒಂದು ಹೆಸರಿಗೋಸ್ಕರ ಯಾರಾದ್ರೂ ಗಂಡನ ಮನೆ ಬಿಟ್ಟು ಬರ್ತಾರಾ? ಹೆಸರು ಅಂದ್ರೇನು, ಕೂಗೋಕೆ ಒಂದು ಗುರುತು."

"ಹಂಗಾದ್ರೆ ನಾಳೆಯಿಂದ ನಿನ್ನನ್ನ ಪಕ್ಕದ ಮನೆಯೋನ ಹೆಸರಿಂದ ಕರೀತೀನಪ್ಪ. ಓಗೊಡ್ತೀಯಾ?"

ಅಪ್ಪ ಕೈ ಎತ್ತಿದ. ಹೊಡೆಯಲಿಲ್ಲ. ಎತ್ತಿದ ಕೈಯನ್ನು ಇಳಿಸುತ್ತ, ಹೇಳಬಾರದ ಮಾತನ್ನು ಹೇಳಿಬಿಟ್ಟ. "ಅವರು ವೀಳ್ಯದ ದಿನಾನೇ ಕೇಳಿದ್ರು. ಹೆಸರು ಬದಲಾಯಿಸ್ತೀವಿ, ಅವಳ ಹೆಸರೇ ಇಡ್ತೀವಿ ಅಂದ್ರು. ನಾನು ಆಗ್ಲಿ ಅಂದಿದ್ದೀನಿ. ಈಗ ನನ್ನ ಮಾತು ಏನಾಗಬೇಕು?"

ಅತ್ತೆಯ ಮೇಲೆ, ಗಂಡನ ಮೇಲೆ ಇದ್ದ ಸಿಟ್ಟೆಲ್ಲ ಆ ಗಳಿಗೆಗೆ ಸಣ್ಣದಾಯಿತು. ಅವರೇನೋ ಹೊರಗಿನವರು. ಈತ ತನ್ನ ಹೆತ್ತ ತಾಯಿಯ ಹೆಸರನ್ನು ನನಗೆ ಇಟ್ಟವನು. ಅದನ್ನೇ ಎಲೆಯಡಿಕೆ ಜಗಿಯುತ್ತ, ನನ್ನನ್ನು ಒಂದು ಮಾತೂ ಕೇಳದೆ ಬಿಟ್ಟುಕೊಟ್ಟಿದ್ದ. ನಾನು ಅಳಲಿಲ್ಲ. "ನಿನ್ನ ಮಾತು ಏನಾದರೂ ಆಗಲಿ," ಅಂದೆ. ಅಪ್ಪನ ಜೊತೆ ಮತ್ತೆ ಮುಖ ಕೊಟ್ಟು ಮಾತಾಡಿದ್ದು ಎರಡು ವರ್ಷದ ಮೇಲೆ.

ಅವ್ವ ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎಂಟು ದಿನ ಎಂದಿನ ಹಾಗೆ ನೀರು ಸೇದಿದಳು, ಅಡುಗೆ ಮಾಡಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಸೀರೆ ಬದಲಾಯಿಸಿ, ಬುತ್ತಿ ಕಟ್ಟಿ, "ನಡಿ" ಅಂದಳು. ಅಪ್ಪನನ್ನು ಕೇಳಲಿಲ್ಲ. ಇಬ್ಬರೂ ಅದೇ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದೆವು.

ಅತ್ತೆ ಜಗಲಿಯ ಮೇಲೆ ಕೂತಿದ್ದರು. ಅವ್ವ ಒಳಗೆ ಹೋಗಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ನೋಡಿ ಬೀಗತಿ," ಅಂದಳು. "ನನ್ನ ಮಗಳ ಹೆಸರು ನಮ್ಮತ್ತೆ ಹೆಸರು. ಅವರು ಬದುಕಿದ್ದಾಗಲೂ ನಾನು ಅದನ್ನ ಬಾಯಿ ಬಿಟ್ಟು ಅಂದೋಳಲ್ಲ, ಸತ್ತ ಮೇಲೂ ಅಂದೋಳಲ್ಲ. ಇವತ್ತು ಅಂತೀನಿ. ಪಾಪ ಬಂದ್ರೆ ನನಗೇ ಬರಲಿ."

ಆಮೇಲೆ ಬೀದಿಗೆಲ್ಲ ಕೇಳಿಸುವ ಹಾಗೆ ನನ್ನ ಹೆಸರು ಕರೆದಳು. ಮೂರು ಸಲ. ಮೊದಲನೆಯ ಸಲ ಅರ್ಧವೇ ಬಂತು. ಮೂರನೆಯ ಸಲಕ್ಕೆ ಎದುರುಮನೆಯ ಮಗ್ಗವೂ ನಿಂತಿತ್ತು. ನಾನು "ಓ" ಅಂದೆ. ಹದಿನೇಳು ವರ್ಷದಲ್ಲಿ ನಮ್ಮವ್ವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.

ಅತ್ತೆ ಸೋತರು ಅಂತ ಯಾರೂ ತಿಳಿಯಬೇಡಿ. ಆ ಹೆಸರಿನಿಂದ ನನ್ನನ್ನು ಕರೆಯುವುದನ್ನು ಬಿಟ್ಟರು, ನಿಜ. ನನ್ನ ಹೆಸರನ್ನೂ ಕರೆಯಲಿಲ್ಲ. "ಒಳಗಿರೋಳು", "ಅವಳು", "ಇದು" ಅನ್ನುವುದರಲ್ಲೇ ವರ್ಷಗಳು ಹೋದವು. ಮಗುವಿಗೆ ಮಾತ್ರ ನಾನು ಹೇಳಿದೆ: "ನಿಮ್ಮಮ್ಮ ನಿಮ್ಮಮ್ಮಾನೇ. ನನ್ನನ್ನ ಚಿಕ್ಕಮ್ಮ ಅನ್ನು." ಅವಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಅವಳ ಸ್ಲೇಟಿನ ಮೇಲೇ ನಾನೂ ಅಕ್ಷರ ತಿದ್ದಿದೆ. ನನಗೆ ಹೆಣ್ಣು ಮಗು ಹುಟ್ಟಿದಾಗ ಅತ್ತೆ ಮೂರು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು, "ಅವಳ ಹೆಸರು ಇದಕ್ಕಾದರೂ ಇಡ್ತೀಯಾ?" ಅದು ನ್ಯಾಯವಾದ ಬೇಡಿಕೆ. ಹೋದವರ ಹೆಸರು ಹೊಸ ಕೂಸಿಗೆ ಇಡುವುದು ಎಲ್ಲರ ಮನೆಯಲ್ಲೂ ಇರುವುದೇ. ನಾನು ದೊಡ್ಡ ಮಗಳನ್ನು ಕೇಳಿದೆ. ಅವಳು ತೊಟ್ಟಿಲಿನ ಕೂಸನ್ನು ನೋಡಿ, "ಬೇಡ ಚಿಕ್ಕಮ್ಮ. ಅದು ನಮ್ಮಮ್ಮಂದು," ಅಂದಳು. ಇಡಲಿಲ್ಲ. ಅತ್ತೆಗೆ ಅವಳೇ ಹೋಗಿ ಹೇಳಿದಳು. ಆವತ್ತು ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾನು ಅಡ್ಡ ಹೋಗಲಿಲ್ಲ.

ಸ್ವಾತಂತ್ರ್ಯ ಬಂತು. ಇನ್ನು ಹೆಂಗಸರಿಗೂ ಓಟು ಅಂದರು. ಹೆಸರು ಬರೆದುಕೊಳ್ಳಲು ಒಬ್ಬ ಸ್ಕೂಲ್ ಮೇಷ್ಟ್ರು ದಪ್ಪ ಪುಸ್ತಕ ಹಿಡಿದು ಮನೆ ಮನೆಗೆ ಬಂದರು. ನಮ್ಮ ಜಗಲಿಯ ಮೇಲೆ ಕೂತು ಮೊದಲು ನನ್ನ ಗಂಡನ ಹೆಸರು ಬರೆದುಕೊಂಡರು. ಅತ್ತೆಯನ್ನು ಕೇಳಿದರೆ, "ನನಗೇನು ಹೆಸರಪ್ಪ, ಇವನ ತಾಯಿ ಅಂತ ಬರ್ಕೊ" ಅಂದರು.

"ಇವರ ಹೆಂಡತಿ ಹೆಸರು?"

ಅತ್ತೆ ಸತ್ತವಳ ಹೆಸರು ಹೇಳಿದರು. ಬೇಕಂತ ಹೇಳಿದರೋ, ಬಾಯಿತಪ್ಪಿ ಬಂತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಒದ್ದೆ ಕೈಯಲ್ಲೇ ಹೊರಗೆ ಬಂದೆ.

"ಮೇಷ್ಟ್ರೇ, ಹೊಡೆದುಹಾಕಿ ಅದನ್ನ. ನನ್ನ ಹೆಸರು ನಾನು ಹೇಳ್ತೀನಿ, ಬರ್ಕೊಳ್ಳಿ," ಅಂದು ಹೆಸರು ಹೇಳಿದೆ.

ಮೇಷ್ಟ್ರು ನನ್ನನ್ನು ನೋಡಲಿಲ್ಲ. ನನ್ನ ಗಂಡನನ್ನು ನೋಡಿದರು. "ಯಾವುದು ಸರಿ ಯಜಮಾನರೇ?"

ನನ್ನ ಗಂಡ ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ಒಂದೇ ಒಂದು ಮಾತು ಸಾಕಿತ್ತು. "ಜಗಳ ಯಾಕೆ ಮೇಷ್ಟ್ರೇ," ಅಂದರು. "ನನ್ನ ಹೆಂಡತಿ ಅಂತ ಬರ್ಕೊಳ್ಳಿ, ಸಾಕು."

ಮೇಷ್ಟ್ರಿಗೆ ನಿರಾಳವಾಯಿತು. ಈ ಬೀದಿಯಲ್ಲಿ ಮುಕ್ಕಾಲು ಪಾಲು ಹೆಂಗಸರು ಹಾಗೇ ಬರೆಸಿದ್ದಾರೆ ಅಂದರು. ಬರೆದುಕೊಂಡು, ಪುಸ್ತಕ ಮುಚ್ಚಿ, ಮುಂದಿನ ಮನೆಗೆ ಹೋದರು. ಇಷ್ಟು ವರ್ಷ ನಾನು ಹಿಡಿದುಕೊಂಡು ಬಂದಿದ್ದನ್ನು ಒಂದು ನಿಮಿಷದಲ್ಲಿ ಅಳಿಸಿದರು, ಅದೂ ಯಾರಿಗೂ ನೋವಾಗದ ಹಾಗೆ. ನಾನು ಒಳಗೆ ಬಂದು ಹಿಟ್ಟಿನ ಕೋಲನ್ನು ಗೋಡೆಗೆ ಎಸೆದೆ. ಸುಣ್ಣ ಕಿತ್ತುಬಂತು. ಅವತ್ತು ಮುದ್ದೆ ಯಾರಿಗೂ ಮಾಡಲಿಲ್ಲ. ದೊಡ್ಡ ಮಗಳು ತಾನೇ ಒಲೆ ಹಚ್ಚಿ ಅನ್ನ ಮಾಡಿ ಎಲ್ಲರಿಗೂ ಬಡಿಸಿದಳು. ನನಗೂ ತಂದಿಟ್ಟಳು.

ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದವರನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿ ಅಂತ ಆಮೇಲೆ ಮೇಲಿನಿಂದ ಹುಕುಂ ಬಂತಂತೆ. ಸರಿಯಾದ ಹೆಸರು ಕೊಡಲು ಸಮಯ ಕೊಟ್ಟಿದ್ದರಂತೆ. ನಮ್ಮ ಮನೆಗೆ ಆ ಸುದ್ದಿಯನ್ನು ಯಾರೂ ತರಲಿಲ್ಲ. ಮೊದಲ ಚುನಾವಣೆಯ ದಿನ ಪಕ್ಕದ ಮನೆಯಾಕೆ ಬಣ್ಣದ ಕೈಯನ್ನು ಉಜ್ಜಿ ಉಜ್ಜಿ ತೊಳೆದು, ಬುರ್ಖಾ ಹಾಕಿಕೊಂಡು ಹೋಗಿ ಓಟು ಹಾಕಿ ಬಂದಳು. ಮೇಷ್ಟ್ರು ಕೇಳಿದಾಗ ಆಕೆ ತನ್ನ ಹೆಸರು, ಅಪ್ಪನ ಹೆಸರು ಎರಡೂ ಹೇಳಿದ್ದಳು. ನನಗೆ ಓಟಿರಲಿಲ್ಲ. ನನ್ನ ಗಂಡ ಬೆರಳಿಗೆ ಮಸಿ ಹಾಕಿಸಿಕೊಂಡು ಬಂದು ಮಗ್ಗದಲ್ಲಿ ಕೂತರು.

"ಯಾರಿಗೆ ಹಾಕಿದ್ರಿ?" ಅಂದೆ.

"ನಿಂದೂ ಬರೆಸಬೇಕಿತ್ತು," ಅಂದರು. ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ.

ಮುಂದಿನ ಸಲ ಪಟ್ಟಿ ಬರೆಯುವಾಗ ನಾನೇ ಕಚೇರಿಗೆ ನಡೆದುಹೋಗಿ, ಗುಮಾಸ್ತರ ಮೇಜಿನ ಮುಂದೆ ನಿಂತು, ನನ್ನ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಕ್ಷರ ಸೊಟ್ಟಗಿದ್ದವು. "ನಿಮ್ಮ ಯಜಮಾನರು ಬಂದಿಲ್ವೇನಮ್ಮ?" ಅಂತ ಅವರು ಕೇಳಿದರು. "ಈ ಹೆಸರು ನಂದು, ಅವರದಲ್ಲ," ಅಂದೆ.

ಈಗ ಇದೆಲ್ಲ ಹಳೆಯ ಮಾತು. ಅತ್ತೆ ಹೋದರು, ಅಪ್ಪ ಹೋದ. ಅವರ ಮೇಲಿನ ಸಿಟ್ಟು ಹೋಗಿರಬೇಕಾಗಿತ್ತು ಅಂತ ಮಕ್ಕಳು ಹೇಳುತ್ತಾರೆ. ಹೋಗಿಲ್ಲ. ಮೊನ್ನೆ ನೆಂಟರೊಬ್ಬರು ಮಗನ ಮದುವೆಯ ಪತ್ರಿಕೆ ಕೊಡಲು ಬಂದರು. ಹೆಣ್ಣಿನ ಹೆಸರಿನ ಕೆಳಗೆ ಇನ್ನೊಂದು ಹೆಸರು ಅಚ್ಚಾಗಿತ್ತು. ಇದೇನು ಅಂತ ಕೇಳಿದೆ. "ನಮ್ಮ ಮನೇಲಿ ಆ ಹೆಸರಿನವರು ಆಗಲೇ ಒಬ್ಬರಿದ್ದಾರೆ ನೋಡಿ, ಅದಕ್ಕೇ ಬದಲಾಯಿಸ್ತಿದ್ದೀವಿ," ಅಂದರು ನಗುತ್ತ. "ಹುಡುಗಿಯನ್ನ ಕೇಳಿದಿರಾ?" ಅಂದೆ. ಅವರು ಮುಹೂರ್ತದ ಸಮಯ ಹೇಳತೊಡಗಿದರು. ನಾನು ಪತ್ರಿಕೆಯನ್ನು ಅವರ ಕೈಗೇ ವಾಪಸ್ಸು ಕೊಟ್ಟೆ.